ಎಳೆಯುವ ಮುಂಚೆ ನಿಲ್ಲಿ: ಮೆದುಳಿನ ಅನ್ಯೂರಿಸಂಗೆ ಕಾಯಿಲ್ ಹಾಕುವಾಗ ಎದುರಾಗುವ ತಾಂತ್ರಿಕ ತೊಂದರೆಗಳು

ಬಿಸಿ ಪಾತ್ರೆ ಮುಟ್ಟಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಯೋಚನೆ ಆಮೇಲೆ. ಅಡುಗೆಮನೆಯಲ್ಲಿ ನಮ್ಮನ್ನು ಕಾಯುವ ಈ ಅಭ್ಯಾಸ ನ್ಯೂರೋ ಕ್ಯಾಥ್‌ಲ್ಯಾಬ್‌ನಲ್ಲಿ, ಅಂದರೆ ಎಕ್ಸ್‌ರೇ ಪರದೆ ನೋಡುತ್ತಾ ರಕ್ತನಾಳದ ಒಳಗಿಂದ ಮೆದುಳಿಗೆ ಚಿಕಿತ್ಸೆ ಮಾಡುವ ಕೋಣೆಯಲ್ಲಿ, ರೋಗಿಗೆ ಮುಳುವಾಗಬಹುದು. ವೈರ್ ರಕ್ತನಾಳದ ಗೋಡೆ ದಾಟಿ ಆಚೆ ಹೋಯಿತು, ಕಾಯಿಲ್ ಸಿಕ್ಕಿಕೊಂಡಿತು, ಪರದೆಯ ಮೇಲೆ ಕಾಣಬಾರದ್ದು ಕಂಡಿತು ಅಂದ ಕೂಡಲೇ ಕೈ ಎಳೆಯಲು ಹೋಗುತ್ತದೆ. ಹೆಚ್ಚಿನ ಸಲ ಅದೇ ತಪ್ಪು.

ಇದನ್ನು ಬರೆಯುತ್ತಿರುವುದು ಕ್ಯಾಥ್‌ಲ್ಯಾಬ್‌ಗೆ ಹೊಸದಾಗಿ ಬಂದ ಟೆಕ್ನಿಷಿಯನ್‌, ಸ್ಟಾಫ್ ನರ್ಸ್‌ ಮತ್ತು ತರಬೇತಿಯಲ್ಲಿರುವ ಕಿರಿಯ ಡಾಕ್ಟರುಗಳಿಗೆ. ಕ್ಯಾಥಿಟರ್ (ರಕ್ತನಾಳದೊಳಗೆ ತೂರಿಸುವ ತೆಳು ನಳಿಕೆ) ಹಿಡಿಯುವವರು ನೀವಲ್ಲ, ತೀರ್ಮಾನವೂ ನಿಮ್ಮದಲ್ಲ. ಆದರೆ ತೊಂದರೆ ಬಂದಾಗ ಮೊದಲ ಎರಡು ನಿಮಿಷ ನಿಮ್ಮ ಕೈಯಲ್ಲಿ ಏನು ಸಿದ್ಧವಿದೆ ಅನ್ನುವುದರ ಮೇಲೆ ಬಹಳಷ್ಟು ನಿಂತಿರುತ್ತದೆ. ಮನೆಯವರೊಬ್ಬರಿಗೆ ಈ ಚಿಕಿತ್ಸೆ ಇದೆ, ಒಪ್ಪಿಗೆ ಪತ್ರದಲ್ಲಿ ಬರೆದದ್ದು ಏನು ಅಂತ ತಿಳಿಯಬೇಕು ಅನ್ನುವವರೂ ಓದಬಹುದು. ಔಷಧಿಯ ಪ್ರಮಾಣದಲ್ಲಿ ಮಾತ್ರ ನಿಮ್ಮ ಲ್ಯಾಬ್‌ನ ನಿಯಮವೇ ಕೊನೆಯ ಮಾತು.

ಅನ್ಯೂರಿಸಂ ಅಂದರೆ ರಕ್ತನಾಳದ ಗೋಡೆ ತೆಳುವಾಗಿ ಗುಳ್ಳೆಯ ಹಾಗೆ ಉಬ್ಬಿರುವುದು. ಅದರೊಳಗೆ ಕಾಯಿಲ್ ಅನ್ನುವ ಪ್ಲಾಟಿನಂ ಎಳೆಯನ್ನು ಸುತ್ತಿ ಸುತ್ತಿ ತುಂಬಿದರೆ ರಕ್ತ ಒಳಗೆ ನುಗ್ಗುವುದು ನಿಲ್ಲುತ್ತದೆ. ಶಾವಿಗೆಯನ್ನು ಪುಟ್ಟ ಡಬ್ಬಿಗೆ ತುಂಬಿದ ಹಾಗೆ. ಇಟಲಿಯ ಡಾಕ್ಟರ್ ಗುಯಿಡೊ ಗುಗ್ಲಿಯೆಲ್ಮಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ 1990ರಲ್ಲಿ ಮೊದಲ ರೋಗಿಗೆ ಇದನ್ನು ಹಾಕಿದರು. 1995ರಲ್ಲಿ ಅಮೆರಿಕದ ಔಷಧಿ, ಸಲಕರಣೆ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮುಂಚೆ ಇದ್ದ ಕಾಯಿಲ್‌ಗಳನ್ನು ಒಮ್ಮೆ ತಳ್ಳಿದರೆ ಮುಗಿಯಿತು, ವಾಪಸ್ ತರುವ ಹಾಗಿರಲಿಲ್ಲ. ಗುಗ್ಲಿಯೆಲ್ಮಿಯವರ ಕಾಯಿಲ್ ಒಂದು ಉದ್ದ ತಂತಿಯ ತುದಿಗೆ ಅಂಟಿಕೊಂಡಿರುತ್ತದೆ. ಸರಿ ಕೂರದಿದ್ದರೆ ಹಿಂದಕ್ಕೆ ತರಬಹುದು. ಸರಿ ಕೂತಿತು ಅಂತ ಖಾತ್ರಿಯಾದ ಮೇಲೆ ಸಣ್ಣ ಕರೆಂಟ್ ಕೊಟ್ಟು ಬಿಡಿಸಿದರೆ ಆಯಿತು. ಹಿಂದಕ್ಕೆ ಎಳೆಯಬಹುದು ಅನ್ನುವುದೇ ಇದರ ಹೆಗ್ಗಳಿಕೆ. ತಮಾಷೆ ಅಂದರೆ, ಎಷ್ಟೋ ತೊಂದರೆ ಹುಟ್ಟುವುದೂ ಆ ಎಳೆತದಲ್ಲೇ.

ತೊಂದರೆ ಎಷ್ಟು ಸಲ ಬರುತ್ತದೆ? ಒಡೆಯದ ಅನ್ಯೂರಿಸಂ ಇದ್ದ 649 ಜನರನ್ನು ಫ್ರಾನ್ಸ್ ಮತ್ತು ಕೆನಡಾದಲ್ಲಿ ಗಮನಿಸಿದ ಅಟೆನಾ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ರಕ್ತ ಹೆಪ್ಪುಗಟ್ಟಿದ ತೊಂದರೆ 7.1%, ಚಿಕಿತ್ಸೆಯ ನಡುವೆ ಅನ್ಯೂರಿಸಂ ಒಡೆದದ್ದು 2.6%, ಸಲಕರಣೆಯ ತೊಂದರೆ 2.9%. ಇದೆಲ್ಲ ಆದವರಿಗೂ ಪ್ರತಿ ಸಲ ಶಾಶ್ವತ ಹಾನಿ ಆಯಿತು ಅಂತಲ್ಲ. ಹೆಚ್ಚು ಹೆದರುವುದು ಒಡೆಯುವುದಕ್ಕೆ, ಹೆಚ್ಚು ಸಲ ಆಗುವುದು ಹೆಪ್ಪುಗಟ್ಟುವುದು. ಇದು ನೆನಪಿರಲಿ.

ಮೊದಲು ಮೇಜು

ಕೇಸ್ ಶುರುವಾಗುವ ಮುಂಚೆ ಹದಿನೈದು ನಿಮಿಷ ಮೇಜಿಗೆ ಕೊಡಿ. ಪ್ರತಿ ಕ್ಯಾಥಿಟರ್‌ಗೂ ಒಂದೊಂದು ಸಲೈನ್ ಲೈನ್ ಓಡುತ್ತಿರಬೇಕು. ಸಲೈನನ್ನು ಒತ್ತಿ ತಳ್ಳುವ ಪ್ರೆಷರ್ ಬ್ಯಾಗನ್ನು 300 ಎಂಎಂ ಪಾದರಸಕ್ಕೆ ಏರಿಸಿ. ಲೈನಿನಲ್ಲಿ ಗಾಳಿಗುಳ್ಳೆ ಇದೆಯಾ ಅಂತ ಬೆರಳಲ್ಲಿ ತಟ್ಟಿ ನೋಡಿ. ಗಾಳಿ ಮೆದುಳಿಗೆ ಹೋದರೆ ಅದೇ ಸ್ಟ್ರೋಕ್. ಬಾಟಲಿ ಖಾಲಿಯಾಗುವುದು ಯಾವಾಗಲೂ ಎಲ್ಲರೂ ಪರದೆ ನೋಡುತ್ತಿರುವಾಗಲೇ. ಹಾಗಾಗಿ ಒಬ್ಬರ ಕೆಲಸ ಬಾಟಲಿ ನೋಡುವುದು ಅಂತ ಮೊದಲೇ ಗೊತ್ತುಮಾಡಿಬಿಡಿ.

ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಕೊಟ್ಟ ಸಮಯ ಮತ್ತು ಒಟ್ಟು ಯೂನಿಟ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ. ಕಾರಣ ಇದೆ. ಅನ್ಯೂರಿಸಂ ಒಡೆದರೆ ಹೆಪಾರಿನ್ ಕೆಲಸ ನಿಲ್ಲಿಸಲು ಪ್ರೋಟಮೈನ್ ಬೇಕು. ಲೆಕ್ಕ ಸರಳ: 1000 ಯೂನಿಟ್ ಹೆಪಾರಿನ್‌ಗೆ ಸುಮಾರು 10 ಮಿಲಿಗ್ರಾಂ. ಹೊತ್ತು ಕಳೆದಂತೆ ಕಡಿಮೆ ಸಾಕಾಗುತ್ತದೆ. ಆ ಗಾಬರಿಯಲ್ಲಿ ಕೂಡಿಸಿ ಕಳೆದು ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಪ್ರೋಟಮೈನ್ ಅಲ್ಮೇರಾದಲ್ಲಿ ಇದೆ ಅನ್ನುವುದು ಸಾಲದು. ಟ್ರಾಲಿಯ ಮೇಲೆ ಇರಬೇಕು.

ಆರಂಭದ ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ತೆಗೆದು ಬರೆದಿಡಿ. ಹೆಪಾರಿನ್ ಕೊಟ್ಟ ಮೇಲೆ ಸಾಮಾನ್ಯವಾಗಿ 250ರಿಂದ 300 ಸೆಕೆಂಡ್ ಅಥವಾ ಮೊದಲಿನ ಎರಡರಷ್ಟು ಇಟ್ಟುಕೊಳ್ಳುತ್ತಾರೆ. ಈಗಾಗಲೇ ಒಡೆದು ಬಂದ ರೋಗಿಗೆ ಎಷ್ಟೋ ಡಾಕ್ಟರುಗಳು ಮೊದಲ ಕಾಯಿಲ್ ಕೂರುವವರೆಗೆ ಪೂರ್ತಿ ಹೆಪಾರಿನ್ ಕೊಡುವುದಿಲ್ಲ. ಮರೆತರು ಅಂದುಕೊಂಡು ನೀವೇ ಕೊಟ್ಟುಬಿಡಬೇಡಿ. ಕೇಳಿ.

ಇನ್ನು ಸ್ನೇರ್ (ಹಿಡಿದು ತರುವ ಕುಣಿಕೆ), ಸ್ಟೆಂಟ್ ರಿಟ್ರೀವರ್ (ಹಿಡಿದು ತರುವ ಜಾಲರಿ), ಬಲೂನ್. ಇವು ಯಾವ ಶೆಲ್ಫಿನಲ್ಲಿವೆ ಅಂತ ಕಣ್ಣು ಮುಚ್ಚಿ ಹೇಳುವಷ್ಟು ಗೊತ್ತಿರಲಿ. ಕಾಯಿಲ್ ಬಿಡಿಸುವ ಡಬ್ಬಿಯ ಬ್ಯಾಟರಿ ಒತ್ತಿ ನೋಡಿ. ನಾನು ಹಿಂದೆ ಇದ್ದ ಒಂದು ಕಡೆ ಮೂರನೇ ಕಾಯಿಲ್ ಹೊತ್ತಿಗೆ ಡಬ್ಬಿ ಸತ್ತಿತು. ಇನ್ನೊಂದು ಡಬ್ಬಿ ಬೀರುವಿನಲ್ಲಿತ್ತು. ಬೀರುವಿನ ಕೀಲಿ ಚಹಾ ಕುಡಿಯಲು ಹೋಗಿತ್ತು! ರೋಗಿಗೆ ಏನೂ ಆಗಲಿಲ್ಲ, ಪುಣ್ಯ. ಆ ಹನ್ನೊಂದು ನಿಮಿಷ ಮಾತ್ರ ನಾನು ಮರೆತಿಲ್ಲ.

ತೊಡೆಯಿಂದ ಕುತ್ತಿಗೆವರೆಗೆ

ತೊಡೆಯ ಸಂದಿಯ ಧಮನಿಗೆ ಶೀತ್ (ಒಳದಾರಿಯಾಗುವ ಗಿಡ್ಡ ಕೊಳವೆ) ಹಾಕಿ, ಅದರೊಳಗಿಂದ ಸುಮಾರು 2 ಮಿಲಿಮೀಟರ್ ದಪ್ಪದ ಗೈಡ್ ಕ್ಯಾಥಿಟರನ್ನು ಕುತ್ತಿಗೆಯವರೆಗೆ ತರುತ್ತಾರೆ. ವಯಸ್ಸಾದವರಲ್ಲಿ, ಬಹಳ ವರ್ಷ ಬಿಪಿ ಇದ್ದವರಲ್ಲಿ ದಾರಿ ಆಗುಂಬೆ ಘಾಟಿಯ ಹಾಗೆ ಸುತ್ತಿರುತ್ತದೆ. ಇಲ್ಲಿ ಎರಡು ತೊಂದರೆ. ಒಂದು, ಕ್ಯಾಥಿಟರ್ ತಾಗಿ ರಕ್ತನಾಳ ಮುದುಡಿಕೊಳ್ಳುವುದು. ಕ್ಯಾಥಿಟರ್ ತುದಿಯನ್ನು ಸ್ವಲ್ಪ ಕೆಳಗಿಳಿಸಿ ಕಾದರೆ ಎಷ್ಟೋ ಸಲ ತಾನೇ ಬಿಡುತ್ತದೆ. ಬಿಡದಿದ್ದರೆ ನಿಮೋಡಿಪಿನ್‌ನಂಥ ಔಷಧಿ ಒಳಗೇ ಕೊಡುತ್ತಾರೆ, ಆಗ ಬಿಪಿ ಇಳಿಯಬಹುದು ಅಂತ ಅನಸ್ತೇಷಿಯಾದವರಿಗೆ ಮೊದಲೇ ಹೇಳಬೇಕು. ಎರಡು, ಗೋಡೆಯ ಒಳಪದರ ಸೀಳುವುದು. ಕಾಂಟ್ರಾಸ್ಟ್ (ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಿಸುವ ದ್ರವ) ಕೊಟ್ಟಾಗ ಹರಿದುಹೋಗದೆ ಗೋಡೆಗೆ ಅಂಟಿ ನಿಂತರೆ ಅದೇ ಸೂಚನೆ. ಪಂಪಿನಿಂದ ಜೋರಾಗಿ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿ.

ಮೈಕ್ರೊಕ್ಯಾಥಿಟರ್ ಒಳಗೆ ಕೂಡಿಟ್ಟ ಬಲ

ಈ ಭಾಗದ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಇದು ಕಣ್ಣಿಗೆ ಕಾಣುವುದಿಲ್ಲ.

ಗೈಡ್ ಕ್ಯಾಥಿಟರ್ ಒಳಗಿಂದ ಅನ್ಯೂರಿಸಂವರೆಗೆ ಹೋಗುವ ಮೈಕ್ರೊಕ್ಯಾಥಿಟರ್ ಸುಮಾರು 150 ಸೆಂಟಿಮೀಟರ್ ಉದ್ದ. ತುದಿ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ದಪ್ಪ. ತೊಡೆಯ ಹತ್ತಿರ ನೀವು ಒಂದು ಸೆಂಟಿಮೀಟರ್ ತಳ್ಳಿದರೆ ತಲೆಯಲ್ಲಿ ಒಂದು ಸೆಂಟಿಮೀಟರ್ ಹೋಗಬೇಕು ಅಲ್ವಾ? ಹೋಗುವುದಿಲ್ಲ. ಲಂಗಕ್ಕೆ ಲಾಡಿ ಪೋಣಿಸುವಾಗ ಪಿನ್ನು ಮುಂದೆ ಹೋಗದೆ ಬಟ್ಟೆ ಮಾತ್ರ ನೆರಿಗೆ ಕಟ್ಟುತ್ತದಲ್ಲ, ಹಾಗೆ ಕ್ಯಾಥಿಟರ್ ಪ್ರತಿ ತಿರುವಿನಲ್ಲೂ ಹೊರಗೋಡೆಗೆ ಒತ್ತಿಕೊಂಡು ಉದ್ದವನ್ನು ಕೂಡಿಟ್ಟುಕೊಳ್ಳುತ್ತದೆ. ಆಮೇಲೆ ಯಾವುದೋ ಒಂದು ಕ್ಷಣದಲ್ಲಿ ಅಷ್ಟನ್ನೂ ಒಟ್ಟಿಗೆ ಬಿಡುತ್ತದೆ. ತುದಿ ನೆಗೆದು ಅನ್ಯೂರಿಸಂ ಗೋಡೆಗೆ ಬಡಿಯುತ್ತದೆ.

ಇದು ಹೆಚ್ಚಾಗಿ ಆಗುವುದು ಒಳಗಿನ ವೈರನ್ನು ತೆಗೆಯುವಾಗ. ವೈರ್ ಹಿಂದೆ ಬಂದಂತೆ ಕ್ಯಾಥಿಟರ್ ಮುಂದೆ ಹೋಗುತ್ತದೆ. ಅದಕ್ಕೇ ವೈರ್ ತೆಗೆಯುವಾಗಲೂ ಪರದೆ ಆನ್ ಇರಬೇಕು. ಅನ್ಯೂರಿಸಂ ಬಾಯಿಯ ಹತ್ತಿರ ಬಂದಾಗ ಡಾಕ್ಟರ್ ಕ್ಯಾಥಿಟರನ್ನು ಮೆಲ್ಲಗೆ ಸ್ವಲ್ಪ ಹಿಂದಕ್ಕೆ ತಂದು ಸಡಿಲ ತೆಗೆಯುವುದನ್ನು ನೋಡುತ್ತೀರಿ. ಎಳೆಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನೋಡಿಕೊಂಡು ಎಳೆಯುವುದು ಬೇರೆ, ಬೆಚ್ಚಿ ಎಳೆಯುವುದು ಬೇರೆ.

ಟೆಕ್ನಿಷಿಯನ್ ನೋಡಬೇಕಾದ್ದು ರೋಡ್‌ಮ್ಯಾಪ್, ಅಂದರೆ ಮೊದಲೇ ತೆಗೆದು ಪರದೆಯ ಮೇಲೆ ಹಾಸಿಟ್ಟ ರಕ್ತನಾಳದ ಚಿತ್ರ. ರೋಗಿ ಎರಡು ಮಿಲಿಮೀಟರ್ ಅಲುಗಿದರೂ ರೋಡ್‌ಮ್ಯಾಪ್ ಸುಳ್ಳು ಹೇಳಲು ಶುರುಮಾಡುತ್ತದೆ. ಅನ್ಯೂರಿಸಂ ಇರುವುದೇ ಐದಾರು ಮಿಲಿಮೀಟರ್. ಮೂಳೆಯ ಅಂಚಿನಲ್ಲಿ ಬಿಳಿ-ಕಪ್ಪು ನೆರಳು ಕಂಡರೆ ಸುಮ್ನೆ ಕೂರಬೇಡಿ. “ಮ್ಯಾಪ್ ಸರಿದಿದೆ, ಹೊಸದು ತೆಗೆಯೋಣವಾ” ಅಂತ ಕೇಳಿ. ಯಾರೂ ಬೈಯುವುದಿಲ್ಲ. ಬೈದರೂ ಕೇಳಿ.

ಮೊದಲ ಕಾಯಿಲ್

ಬಾಯಿ ಕಿರಿದಾದ ಅನ್ಯೂರಿಸಂ ಚೊಂಬಿನ ಹಾಗೆ, ಹಾಕಿದ್ದು ಒಳಗೇ ನಿಲ್ಲುತ್ತದೆ. ಬಾಯಿ 4 ಮಿಲಿಮೀಟರ್ ಅಥವಾ ಅದಕ್ಕೂ ಅಗಲವಾದರೆ ಬೋಗುಣಿಯ ಹಾಗೆ, ಸುರುಳಿ ಹೊರಗೆ ಜಾರುತ್ತದೆ. ಅಂಥ ಕಡೆ ಬಾಯಿಗೆ ಬಲೂನ್ ಅಡ್ಡ ಹಿಡಿಯುತ್ತಾರೆ, ಇಲ್ಲವೇ ಸ್ಟೆಂಟ್ (ರಕ್ತನಾಳದಲ್ಲಿ ಬಿಡುವ ಜಾಲರಿ ಕೊಳವೆ) ಹಾಕುತ್ತಾರೆ.

ಮೊದಲ ಕಾಯಿಲ್ ಗೂಡು ಕಟ್ಟುತ್ತದೆ, ಮಿಕ್ಕವು ಅದನ್ನು ತುಂಬುತ್ತವೆ. ಅಳತೆ ದೊಡ್ಡದಾದರೆ ಗೋಡೆಗೆ ಒತ್ತಡ, ಇಲ್ಲವೇ ಕ್ಯಾಥಿಟರನ್ನೇ ಹೊರಗೆ ತಳ್ಳುತ್ತದೆ. ಚಿಕ್ಕದಾದರೆ ಒಳಗೆ ಉರುಳಾಡಿ ಹೊರಗೆ ಬೀಳುತ್ತದೆ. ಪೊಟ್ಟಣ ಬಿಚ್ಚುವ ಮುಂಚೆ ಅಳತೆಯನ್ನು (ಸುರುಳಿಯ ಅಗಲ ಮಿಲಿಮೀಟರ್‌ನಲ್ಲಿ, ಉದ್ದ ಸೆಂಟಿಮೀಟರ್‌ನಲ್ಲಿ) ಗಟ್ಟಿಯಾಗಿ ಓದಿ, ಡಾಕ್ಟರ್ ಮರುನುಡಿಯಲಿ. “ಐದು, ಹದಿನೈದು.” “ಐದು, ಹದಿನೈದು.” ಆಮೇಲೆ ಬಿಚ್ಚಿ. ಒಂದು ಕಾಯಿಲ್ ಬೆಲೆ ಗೊತ್ತಲ್ಲ, ಕೆಲವರ ಮನೆಯ ತಿಂಗಳ ಖರ್ಚಿಗಿಂತ ಜಾಸ್ತಿ.

ಒಡೆದರೆ

ಪರದೆಗಿಂತ ಮೊದಲು ಮಾನಿಟರ್ ಹೇಳಬಹುದು. ಬಿಪಿ ಥಟ್ಟನೆ ಏರುತ್ತದೆ, ನಾಡಿ ಇಳಿಯುತ್ತದೆ. ಅಥವಾ ವೈರ್‌ನ ತುದಿ, ಕಾಯಿಲ್‌ನ ಒಂದು ಸುರುಳಿ ಅನ್ಯೂರಿಸಂ ಗೆರೆಯ ಆಚೆ ಕಾಣುತ್ತದೆ. ಇಲ್ಲವೇ ಕಾಂಟ್ರಾಸ್ಟ್ ಹೊಗೆಯ ಹಾಗೆ ಹೊರಗೆ ಹರಡುತ್ತದೆ. ಯಾರು ಮೊದಲು ನೋಡಿದರೂ ಗಟ್ಟಿಯಾಗಿ ಹೇಳಬೇಕು.

ಈಗ ಕೈ ಎಳೆಯಲು ಹೋಗುತ್ತದೆ. ಎಳೆಯಬಾರದು. ಗೋಡೆ ತೂರಿದ ಕ್ಯಾಥಿಟರ್ ಆ ಗಳಿಗೆಯಲ್ಲಿ ತೂತಿಗೆ ಬಿರಡೆಯಾಗಿದೆ. ತೆಗೆದರೆ ಬಾಟಲಿ ಮುಚ್ಚಳ ತೆಗೆದ ಹಾಗೆ. ಅನುಭವಿಗಳು ಅದೇ ಕ್ಯಾಥಿಟರ್ ಮೂಲಕ ಕಾಯಿಲ್‌ನ ಒಂದೆರಡು ಸುರುಳಿ ಹೊರಗೇ ಬಿಟ್ಟು, ಮೆಲ್ಲಗೆ ತುದಿಯನ್ನು ಒಳಗೆ ತಂದು, ಮಿಕ್ಕಿದ್ದನ್ನು ಒಳಗೆ ಸುತ್ತಿ ತೂತು ಮುಚ್ಚುತ್ತಾರೆ. ಇಲ್ಲವೇ ಅದನ್ನು ಅಲ್ಲೇ ಬಿಟ್ಟು ಎರಡನೇ ಮೈಕ್ರೊಕ್ಯಾಥಿಟರ್ ತಂದು ತುಂಬುತ್ತಾರೆ. ವೈರ್ ಮಾತ್ರ ತೂರಿದ್ದರೆ ತೂತು ಸಣ್ಣದು, ಕೆಲವು ಸಲ ತಾನೇ ಮುಚ್ಚುತ್ತದೆ. ಆಗಲೂ ಧಾವಂತ ಬೇಡ.

ಅಷ್ಟರಲ್ಲಿ ನಿಮ್ಮ ಕೆಲಸಗಳು ಸಾಲಾಗಿ ನಡೆಯಬೇಕು. ಕಾಂಟ್ರಾಸ್ಟ್ ಕೊಡುವುದು ನಿಲ್ಲಲಿ, ಪ್ರತಿ ಸಲ ತಳ್ಳಿದಾಗಲೂ ತೂತಿನಿಂದ ಹೊರಗೆ ಹೋಗುತ್ತದೆ. ಬೋರ್ಡಿನ ಲೆಕ್ಕ ನೋಡಿ ಪ್ರೋಟಮೈನ್ ಸಿದ್ಧಮಾಡಿ, ಹೇಳಿದಾಗ ನಿಧಾನವಾಗಿ ಕೊಡಿ. ಜೋರಾಗಿ ಕೊಟ್ಟರೆ ಬಿಪಿ ಕುಸಿಯಬಹುದು, ಅಲರ್ಜಿಯೂ ಆಗಬಹುದು. ಸಲೈನ್ ಬಾಟಲಿಗಳಲ್ಲೂ ಹೆಪಾರಿನ್ ಇದೆ ಅನ್ನುವುದು ಎಲ್ಲರಿಗೂ ಮರೆತುಹೋಗುತ್ತದೆ. ಬದಲಿಸಬೇಕಾ ಅಂತ ಕೇಳಿ. ಬಲೂನ್ ಮೊದಲೇ ಒಳಗಿದ್ದರೆ ಅದನ್ನು ಉಬ್ಬಿಸಿ ಹರಿವು ತಡೆಯುತ್ತಾರೆ. ಆಗ ಗಡಿಯಾರ ನಿಮ್ಮದು: ಒಂದು ನಿಮಿಷ, ಎರಡು ನಿಮಿಷ ಅಂತ ಕೂಗಿ. ಬಲೂನ್ ಮುಚ್ಚಿರುವಷ್ಟು ಹೊತ್ತು ಆಚೆಯ ಮೆದುಳಿಗೂ ರಕ್ತವಿಲ್ಲ. ಅನಸ್ತೇಷಿಯಾದವರು ಬಿಪಿ ಇಳಿಸಿ, ಮೆದುಳಿನ ಒತ್ತಡಕ್ಕೆ ಔಷಧಿ ಕೊಡುತ್ತಾರೆ. ನ್ಯೂರೋಸರ್ಜರಿಗೆ ಫೋನ್ ಹೋಗಲಿ, ತಲೆಯೊಳಗಿನ ನೀರು ಇಳಿಸಲು ನಳಿಕೆ ಬೇಕಾಗಬಹುದು. ಸೋರುವುದು ನಿಂತ ಮೇಲೆ ಮೇಜಿನ ಮೇಲೇ ಸಿಟಿ ತೆಗೆಯುವ ಸೌಲಭ್ಯ ಇದ್ದರೆ ಅದಕ್ಕೂ ಸಿದ್ಧರಾಗಿರಿ.

ಎಳೆದು ಸಡಿಲವಾದ ಕಾಯಿಲ್

ಬಾಲ್‌ಪೆನ್ನಿನ ಸ್ಪ್ರಿಂಗನ್ನು ಚಿಕ್ಕವರಿದ್ದಾಗ ಎಳೆದು ನೋಡಿದ್ದೀರಾ? ಒಮ್ಮೆ ಮಿತಿ ಮೀರಿ ಎಳೆದರೆ ಮತ್ತೆ ಸ್ಪ್ರಿಂಗ್ ಆಗುವುದಿಲ್ಲ, ಸೊಟ್ಟ ತಂತಿ ಆಗುತ್ತದೆ. ಕಾಯಿಲ್ ಕೂಡ ಕೂದಲಿಗಿಂತ ತೆಳುವಾದ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿ ಮಾಡಿದ್ದು. ಈಗಿನ ಬಹುತೇಕ ಕಾಯಿಲ್‌ಗಳಲ್ಲಿ ಹೀಗಾಗದಿರಲು ಒಳಗೊಂದು ದಾರ ಇರುತ್ತದೆ. ಆ ದಾರವೂ ಕಡಿಯಬಹುದು.

ಹುಟ್ಟುವುದು ಹೀಗೆ. ಅರ್ಧ ಹೋದ ಕಾಯಿಲ್ ಸರಿ ಕೂರಲಿಲ್ಲ. ವಾಪಸ್ ತರಲು ಹೊರಟರೆ ಅದರ ಸುರುಳಿ ಮೊದಲಿನ ಕಾಯಿಲ್‌ಗಳ ನಡುವೆ, ಅಥವಾ ಸ್ಟೆಂಟಿನ ಕಣ್ಣಿನಲ್ಲಿ ಸಿಕ್ಕಿಕೊಂಡಿದೆ. ಇಲ್ಲಿ ಕೈ ಒಂದು ಸೆಂಟಿಮೀಟರ್ ಎಳೆದರೂ ಪರದೆಯಲ್ಲಿ ಸುರುಳಿ ಅಲುಗುವುದಿಲ್ಲ. ಮೊದಲ ಸೂಚನೆ ಇದೇ. ಎರಡನೆಯದು, ಕ್ಯಾಥಿಟರ್ ತುದಿಯ ಹತ್ತಿರ ಕಪ್ಪಗೆ ಕಾಣುತ್ತಿದ್ದ ಕಾಯಿಲ್ ತೆಳುವಾಗಿ ಮಸುಕಾಗುತ್ತದೆ. ಇಷ್ಟು ಕಂಡರೆ “ಸುರುಳಿ ಬರ್ತಿಲ್ಲ” ಅಂತ ಹೇಳಿ. ಡಾಕ್ಟರ್ ಗಮನ ಬೇರೆ ಪರದೆಯಲ್ಲಿ ಇರಬಹುದು.

ನಿಲ್ಲಿಸಿದ ಮೇಲೆ ದಾರಿಗಳಿವೆ. ಮೈಕ್ರೊಕ್ಯಾಥಿಟರನ್ನು ಸ್ವಲ್ಪ ಸರಿಸಿ ಕೋನ ಬದಲಿಸಿದರೆ ಸಿಕ್ಕು ಬಿಡಬಹುದು. ಬಿಡದಿದ್ದರೆ ಕಾಯಿಲ್ ಮತ್ತು ಮೈಕ್ರೊಕ್ಯಾಥಿಟರ್ ಎರಡನ್ನೂ ಒಂದಾಗಿ, ಬಹಳ ನಿಧಾನವಾಗಿ ಹಿಂದೆ ತರುತ್ತಾರೆ. ಅದೂ ಆಗದಿದ್ದರೆ ಮೈಕ್ರೊಕ್ಯಾಥಿಟರ್‌ನ ಹಿಂಭಾಗ ಕತ್ತರಿಸಿ, ಅದರ ಮೇಲೆ ಸ್ನೇರ್ ಪೋಣಿಸಿ ತುದಿಯವರೆಗೆ ಜಾರಿಸಿ, ಗಟ್ಟಿಯಿರುವ ಭಾಗವನ್ನೇ ಹಿಡಿದು ತರುತ್ತಾರೆ. ನೋಡಲು ಚೆಂದ, ಮಾಡಲು ಕಷ್ಟ.

ಕಡಿದೇ ಹೋಗಿ ಬಾಲ ರಕ್ತನಾಳದಲ್ಲಿ ಉಳಿದರೆ? ನಾನು ಕಂಡ ಒಳ್ಳೆಯ ಡಾಕ್ಟರುಗಳು ಇಲ್ಲಿ ಹಟ ಮಾಡುವುದಿಲ್ಲ. ಸ್ಟೆಂಟ್ ಹಾಕಿ ಬಾಲವನ್ನು ಗೋಡೆಗೆ ಒತ್ತಿಬಿಡುತ್ತಾರೆ. ಸಣ್ಣ ಒಂದು ಸುರುಳಿ ಮಾತ್ರ ಹೊರಗಿದ್ದು ಹರಿವು ಚೆನ್ನಾಗಿದ್ದರೆ ಆಸ್ಪಿರಿನ್ ಕೊಟ್ಟು ಬಿಡುವುದೇ ಜಾಣತನ. ಅದನ್ನು ಬೆನ್ನಟ್ಟಿ ಹೋಗಿ ಇಡೀ ಗೂಡು ಹೊರಗೆ ಬಂದ ಕಥೆಗಳಿವೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಹಾಗೆ.

ಬಿಡಿಸುವ ಗಳಿಗೆ

ಕಾಯಿಲ್ ಪೂರ್ತಿ ಒಳಗೆ ಹೋಗಿದೆಯಾ ಅಂತ ತುದಿ ನೋಡಿ ಹೇಳಲಾಗುವುದಿಲ್ಲ, ಅದು ಕಾಯಿಲ್ ಗುಂಪಿನಲ್ಲಿ ಮುಚ್ಚಿಹೋಗಿರುತ್ತದೆ. ಅದಕ್ಕೇ ಮೈಕ್ರೊಕ್ಯಾಥಿಟರ್‌ನಲ್ಲಿ ತುದಿಗೊಂದು, ಅಲ್ಲಿಂದ 3 ಸೆಂಟಿಮೀಟರ್ ಹಿಂದೆ ಒಂದು ಗುರುತು ಇಟ್ಟಿರುತ್ತಾರೆ. ಹಿಂದಿನ ಗುರುತೂ ತಳ್ಳುವ ತಂತಿಯ ಗುರುತೂ ಕಂಪನಿ ಹೇಳಿದ ಹಾಗೆ ಒಂದಕ್ಕೊಂದು ಕೂಡಿದಾಗ ಬಿಡಿಸುವ ಜಾಗ ಬಂತು ಅಂತ ಲೆಕ್ಕ. ಮುಂಚೆ ನಿಲ್ಲಿಸಿದರೆ ಬಾಲ ಕ್ಯಾಥಿಟರ್‌ನಲ್ಲೇ ಉಳಿಯುತ್ತದೆ. ಜಾಸ್ತಿ ತಳ್ಳಿದರೆ ಗಟ್ಟಿ ತಂತಿಯೇ ಅನ್ಯೂರಿಸಂ ಒಳಗೆ ಹೋಗುತ್ತದೆ. ಹಿಂದಿನ ಗುರುತು ಪರದೆಯ ಚೌಕಟ್ಟಿನೊಳಗೆ ಇರುವಂತೆ ನೋಡಿಕೊಳ್ಳುವುದು ಟೆಕ್ನಿಷಿಯನ್ ಕೆಲಸ. ಬಹಳ ಸಲ ಅದನ್ನೇ ಕತ್ತರಿಸಿರುತ್ತೇವೆ.

ಬಿಡದಿದ್ದರೆ ಬಟನ್ ಸುಮ್ನೆ ಒತ್ತುತ್ತಾ ಹೋಗಬೇಡಿ. ತಂತಿಯ ಹಿಂತುದಿಗೆ ರಕ್ತ ಅಥವಾ ಕಾಂಟ್ರಾಸ್ಟ್ ಅಂಟಿದೆಯಾ ನೋಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಗುರುತು ಮತ್ತೆ ನೋಡಿ. ಡಬ್ಬಿ ಬದಲಿಸಿ. ಬಿಟ್ಟಿತು ಅಂತ ದೀಪ ಹೇಳಿದರೂ ನಂಬಬೇಡಿ, ತಂತಿಯನ್ನು ಪರದೆಯಲ್ಲಿ ನೋಡುತ್ತಾ ಒಂದೆರಡು ಮಿಲಿಮೀಟರ್ ಹಿಂದೆ ತಂದಾಗ ಕಾಯಿಲ್ ಅಲುಗದಿದ್ದರೆ ಮಾತ್ರ ಬಿಟ್ಟಿದೆ ಅಂತ ಅರ್ಥ.

ಹೆಪ್ಪುಗಟ್ಟಿದರೆ

ಒಡೆದಾಗ ಮಾಡುವುದಕ್ಕೆ ಇದು ಪೂರ್ತಿ ತದ್ವಿರುದ್ಧ. ಅಲ್ಲಿ ಬಿಪಿ ಇಳಿಸಬೇಕು, ಇಲ್ಲಿ ಇಳಿಯಲು ಬಿಡಬಾರದು, ಏರಿಸುವುದೂ ಉಂಟು. ಅಲ್ಲಿ ಹೆಪಾರಿನ್ ನಿಲ್ಲಿಸಬೇಕು, ಇಲ್ಲಿ ಸಾಲದಿದ್ದರೆ ಇನ್ನಷ್ಟು ಕೊಡಬೇಕು. ಯಾವುದಾಗಿದೆ ಅಂತ ತಪ್ಪು ತಿಳಿದರೆ ಚಿಕಿತ್ಸೆಯೇ ಕೊಲ್ಲುತ್ತದೆ. ಹಾಗಾಗಿ ಮೊದಲ ಆಂಜಿಯೋಗ್ರಾಂ (ಕಾಂಟ್ರಾಸ್ಟ್ ಕೊಟ್ಟು ತೆಗೆದ ರಕ್ತನಾಳದ ಚಿತ್ರ) ಪಕ್ಕದ ಪರದೆಯಲ್ಲಿ ಯಾವಾಗಲೂ ತೆರೆದಿರಲಿ. ಒಂದೆರಡು ಕಾಯಿಲ್ ಆದಾಗಲೆಲ್ಲ ತೆಗೆಯುವ ಚಿತ್ರವನ್ನು ಅದರ ಜೊತೆ ಹೋಲಿಸಿ. ಒಂದು ಕೊಂಬೆ ಮಾಯವಾಗಿದೆಯಾ? ಬಣ್ಣ ತಡವಾಗಿ ತುಂಬುತ್ತಿದೆಯಾ? ಕಾಯಿಲ್ ಬಾಯಿಯಲ್ಲಿ ಮಸುಕು ಇದೆಯಾ?

ಎಸಿಟಿ ತಕ್ಷಣ ತೆಗೆಯಿರಿ. ಎಲ್ಲ ಸಲೈನ್ ಲೈನೂ ಓಡುತ್ತಿದೆಯಾ ನೋಡಿ. ನಿಂತುಹೋದ ಲೈನೇ ಎಷ್ಟೋ ಸಲ ಅಪರಾಧಿ. ಕಾಯಿಲ್ ಮೇಲೆ ಕೂರುವ ಹೊಸ ಹೆಪ್ಪಿನಲ್ಲಿ ಪ್ಲೇಟ್‌ಲೆಟ್ (ಹೆಪ್ಪು ಕಟ್ಟುವ ರಕ್ತಕಣ) ಜಾಸ್ತಿ. ಅದಕ್ಕೇ ಪ್ಲೇಟ್‌ಲೆಟ್ ಅಂಟಿಕೊಳ್ಳದಂತೆ ತಡೆಯುವ ಟೈರೋಫೈಬಾನ್, ಎಪ್ಟಿಫಿಬಟೈಡ್‌ನಂಥ ಔಷಧಿ ಕೇಳುತ್ತಾರೆ. ದೊಡ್ಡ ಕೊಂಬೆಯೇ ಮುಚ್ಚಿದರೆ ಹೆಪ್ಪನ್ನು ಎಳೆದು ತೆಗೆಯುತ್ತಾರೆ. ಸ್ಟೆಂಟ್ ಹಾಕಿದ ಕೇಸಿನಲ್ಲಿ ಹೆಪ್ಪು ತಡೆಯುವ ಮಾತ್ರೆಗಳಾದ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಮೊದಲೇ ಹೋಗಿದೆಯಾ ಅಂತ ಚಾರ್ಟ್ ನೋಡಿ. ತಲೆಗೆ ನಳಿಕೆ ಹಾಕಬೇಕಾದ ರೋಗಿಯಾದರೆ ಈ ಮಾತ್ರೆಗಳಿಗಿಂತ ಮುಂಚೆ ನಳಿಕೆ ಹಾಕಿಸುವುದು ಒಳ್ಳೆಯದು. ಆಮೇಲೆ ಹಾಕಿದರೆ ಆ ದಾರಿಯಲ್ಲೇ ರಕ್ತ ಸೋರಬಹುದು.

ಬಿಡಿಸಿದ ಕಾಯಿಲ್ ಕೊಚ್ಚಿಹೋಗಿ ಮುಂದಿನ ಕೊಂಬೆಯಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಸ್ನೇರ್ ಅಥವಾ ಸ್ಟೆಂಟ್ ರಿಟ್ರೀವರ್‌ನಲ್ಲಿ ಹಿಡಿಯುತ್ತಾರೆ. ಬಹಳ ದೂರದ ಸಣ್ಣ ಕೊಂಬೆಯಾದರೆ ಅಲ್ಲೇ ಬಿಡುವುದೂ ಒಂದು ತೀರ್ಮಾನ.

ಮುಗಿಸುವಾಗ

ತೊಡೆಯ ಜಾಗ ಒತ್ತಿ ಹಿಡಿಯುವುದು, ಕಾಲಿನ ನಾಡಿ ನೋಡುವುದು ನಿಮಗೆ ಗೊತ್ತೇ ಇದೆ. ಬಿಪಿ ಇಳಿಯುತ್ತಿದೆ, ಬೆನ್ನು ನೋವು ಅನ್ನುತ್ತಾರೆ, ತೊಡೆಯಲ್ಲಿ ಏನೂ ಕಾಣುತ್ತಿಲ್ಲ ಅಂದರೆ ಹೊಟ್ಟೆಯ ಹಿಂಭಾಗದಲ್ಲಿ ರಕ್ತ ಸೇರುತ್ತಿದೆಯಾ ಅಂತ ಅನುಮಾನ ಪಡಿ.

ಎಕ್ಸ್‌ರೇ ಡೋಸ್ ಬರೆಯಲು ಮರೆಯಬೇಡಿ. ತಲೆಯ ಚರ್ಮಕ್ಕೆ 3 ಗ್ರೇ (ವಿಕಿರಣದ ಅಳತೆ) ದಾಟಿದರೆ ಎರಡು ಮೂರು ವಾರದ ಮೇಲೆ ಕೂದಲು ಒಂದು ಕಡೆ ಪಟ್ಟಿಯಾಗಿ ಉದುರಬಹುದು. ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. 7 ಗ್ರೇ ದಾಟಿದರೆ ಬೆಳೆಯದೆಯೂ ಇರಬಹುದು. ಒಮ್ಮೆ ಒಬ್ಬ ಹೆಣ್ಣುಮಗಳು ಫೋನಿನಲ್ಲಿ ಅತ್ತಿದ್ದು ಈ ಕಾರಣಕ್ಕೆ. ಮೆದುಳು ಚೆನ್ನಾಗಿತ್ತು, ಆದರೆ ಯಾರೂ ಮೊದಲೇ ಹೇಳಿರಲಿಲ್ಲ. ಕೇಸ್ ಉದ್ದವಾದರೆ ಕೋನ ಸ್ವಲ್ಪ ಬದಲಿಸಲು, ಸೆಕೆಂಡಿಗೆ ತೆಗೆಯುವ ಫ್ರೇಮ್ ಕಡಿಮೆ ಮಾಡಲು ನೀವೇ ನೆನಪಿಸಬಹುದು.

ಕೊನೆಗೆ ಪ್ರತಿ ಕಾಯಿಲ್ ಪೊಟ್ಟಣದ ಸ್ಟಿಕ್ಕರ್ ಫೈಲಿಗೆ ಅಂಟಿಸಿ. ಬಿಡಿಸಿದ್ದು, ತೆಗೆದುಹಾಕಿದ್ದು ಬೇರೆ ಬೇರೆ ಪುಟದಲ್ಲಿ. ಸ್ಟೆಂಟ್ ಇದ್ದರೆ ಅದರದ್ದೂ. ಆರು ತಿಂಗಳ ಮೇಲೆ ಆ ರೋಗಿ ಎಂಆರ್‌ಐಗೆ ಬೇರೆ ಊರಿಗೆ ಹೋದಾಗ, ತಲೆಯಲ್ಲಿ ಯಾವ ಲೋಹ ಇದೆ ಅಂತ ಅಲ್ಲಿಯವರು ಕೇಳುತ್ತಾರೆ. ಉತ್ತರ ಇರುವುದು ಆ ಪುಟದಲ್ಲಿ.